ನೀರು ಸುರಿಸುವ ಒಣ ಕಣ್ಣು



ನಮ್ಮ ಕಲಿಕಾ ಕೇಂದ್ರ ರಾತ್ರಿ ಏಳೂವರೆಗೆ ಶುರುವಾಗುತ್ತದೆ. ಊರು ಹಾವೇರಿ ಜಿಲ್ಲೆಯದು, ಬ್ಯಾಡಗಿಗೆ ಹತ್ತಿರ. ಅಡುಗೆ, ಊಟ, ದನಕರುಗಳ ಕೆಲಸ ಮುಗಿಸಿ ಹದಿನಾಲ್ಕು ಮಂದಿ ಅಕ್ಕಂದಿರು ಬರುತ್ತಾರೆ. ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುವವರು ನಡುಮನೆ ಅಕ್ಕ. ಅವರ ಹೆಸರು ಬೇರೆ ಇದೆ. ಊರಲ್ಲಿ ಎಲ್ಲರೂ ಹಾಗೇ ಕರೀತಾರೆ. ನಾವೂ ಹಾಗೇ ಕರೆಯುತ್ತೇವೆ.

ಅದು 2024ರ ಮಾರ್ಚ್ ತಿಂಗಳು. ನಡುಮನೆ ಅಕ್ಕ ಒಂದು ದಿನ ಬರಲಿಲ್ಲ. ಎರಡು ದಿನ ಬರಲಿಲ್ಲ. ಒಂದು ವಾರವಾಯಿತು. ನಾವು ಅವರ ಮನೆಗೆ ಹೋದೆವು. ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕಣ್ಣು ಕೆಂಪಗಾಗಿತ್ತು.

“ಯಾಕ್ರೀ ಅಕ್ಕಾ, ಅಳಾಕತ್ತೀರೇನು?” ಎಂದೆವು.

“ಅಳೂದೆಲ್ಲಿ ಬಂತ್ರೀ ಅಕ್ಕೋರ. ತಾನ ನೀರು ಸುರೀತಾವ. ಪುಸ್ತಕ ಹಿಡದ್ರ ಸಾಕು, ಕಣ್ಣಾಗ ಉಸುಕು ಹಾಕಿದಂಗ ಆಕ್ಕತಿ. ಈ ವಯಸ್ಸಿನ್ಯಾಗ ಅಕ್ಷರ ಕಲ್ತ್ರ ಕಣ್ಣು ಹೊಕ್ಕಾವು ಅಂತ ನಮ್ಮ ಅತ್ತಿ ಅಂದ್ರು. ಇದ್ದ ಕಣ್ಣರ ಉಳೀಲಿ ಅಂತ ಬಿಟ್ಟೇನ್ರಿ.”

ಅಕ್ಕ ಆಗ ತಾನೇ ಒತ್ತಕ್ಷರ ಮುಗಿಸಿದ್ದರು. ಮಗಳ ಮನೆಯಿಂದ ಬರುವ ಕಾಗದ ತಾವೇ ಓದಬೇಕು ಎಂಬ ಆಸೆ ಅವರದು. ಅದನ್ನು ಬಿಟ್ಟೆ ಎಂದು ಹೇಳುವಾಗ ಅವರ ದನಿ ಸಣ್ಣಗಾಯಿತು. ಅಕ್ಷರದಿಂದ ಕಣ್ಣು ಹಾಳಾಗುವುದಿಲ್ಲ ಎಂದು ನಾವು ಹೇಳಿದೆವು. ಆದರೆ ನೀರು ಯಾಕೆ ಬರುತ್ತದೆ ಎಂದು ಕೇಳಿದರೆ ಹೇಳಲು ನಮಗೂ ಬರಲಿಲ್ಲ. ‘ಉಷ್ಣ ಆಗಿರಬೇಕು’ ಎಂದು ನಾವೂ ಎಲ್ಲರ ಹಾಗೇ ಅಂದುಕೊಂಡಿದ್ದೆವು. ಮರುವಾರ ಅಕ್ಕನ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಒಂದು ಸಣ್ಣ ಕಾಗದದ ಪಟ್ಟಿ ತೆಗೆದರು. ಬೆರಳಿಗಿಂತ ತೆಳ್ಳಗಿನ ಪಟ್ಟಿ. ಅದರ ತುದಿ ಮಡಿಸಿ ಕೆಳರೆಪ್ಪೆಯ ಅಂಚಿಗೆ ಸಿಕ್ಕಿಸಿದರು. ಐದು ನಿಮಿಷ ಕಣ್ಣು ಮುಚ್ಚಿ ಕೂರಿಸಿದರು. ಆಮೇಲೆ ತೆಗೆದು ಪಟ್ಟಿ ಎಷ್ಟು ನೆನೆದಿದೆ ಎಂದು ಅಳೆದರು. ಆರೋಗ್ಯವಾದ ಕಣ್ಣಿನಲ್ಲಿ ಪಟ್ಟಿ 10 ಮಿಲಿಮೀಟರಿಗಿಂತ ಹೆಚ್ಚು ನೆನೆಯುತ್ತದೆ. ಅಕ್ಕನ ಪಟ್ಟಿ 5ಕ್ಕೂ ಮುಟ್ಟಿರಲಿಲ್ಲ. ಅಂಕಿ ಕಲಿತ ಅಕ್ಕ ಪಟ್ಟಿಯ ಗೆರೆಗಳನ್ನು ತಾವೇ ಎಣಿಸಿದರು.

“ನಿಮ್ಮ ಕಣ್ಣು ಒಣಗಿದೆಯಮ್ಮ” ಎಂದರು ಡಾಕ್ಟರು.

ಅಕ್ಕ ನಕ್ಕುಬಿಟ್ಟರು. “ನೀರು ಸುರಿಯಾಕತ್ತಾವ, ಒಣಗ್ಯಾವ ಅಂತಾರಲ್ರೀ ಇವ್ರು! ಮಳಿ ಬರೂವಾಗ ಬರಗಾಲ ಬಿದ್ದೈತಿ ಅಂದಂಗಾತು.”

ಡಾಕ್ಟರೂ ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಅದನ್ನೇ ಈ ಪಾಠದಲ್ಲಿ ಬರೆದಿದ್ದೇವೆ.

ಕಣ್ಣೀರು ಬರೀ ನೀರಲ್ಲ

ಅಳುವಾಗ ಮಾತ್ರ ಕಣ್ಣೀರು ಬರುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಹಗಲೆಲ್ಲಾ ಕಣ್ಣಿನ ಮೇಲೆ ಕಣ್ಣೀರಿನ ತೆಳುವಾದ ಪದರ ಇರುತ್ತದೆ. ನಾವು ಎವೆ ಬಡಿದಾಗಲೆಲ್ಲ ಅದು ಕಣ್ಣಿನ ಮೇಲೆ ಸಮನಾಗಿ ಹರಡುತ್ತದೆ. ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ.

ಈ ಪದರದಲ್ಲಿ ಮೂರು ವಸ್ತು ಇವೆ. ತಳದಲ್ಲಿ ಲೋಳೆ. ಅದು ನೀರು ಕಣ್ಣಿಗೆ ಅಂಟಿಕೊಳ್ಳುವಂತೆ ಮಾಡುತ್ತದೆ. ನಡುವೆ ನೀರು. ಮೇಲೆ ತೆಳುವಾದ ಎಣ್ಣೆ. ಹೌದು, ಕಣ್ಣಲ್ಲೂ ಎಣ್ಣೆ ಇದೆ. ಉಪ್ಪಿನಕಾಯಿ ಭರಣಿಯಲ್ಲಿ ಮೇಲೆ ಎಣ್ಣೆ ನಿಂತಿರಬೇಕು ಅಲ್ಲವೇ? ಎಣ್ಣೆ ಕಡಿಮೆಯಾದರೆ ಮೇಲಿನ ಹೋಳು ಒಣಗುತ್ತದೆ. ಕಣ್ಣಿನಲ್ಲೂ ಹಾಗೇ. ಮೇಲೆ ಎಣ್ಣೆ ಇಲ್ಲದಿದ್ದರೆ ಕೆಳಗಿನ ನೀರು ಗಾಳಿಗೆ ಆರಿಹೋಗುತ್ತದೆ.

ಈ ಎಣ್ಣೆ ಎಲ್ಲಿಂದ ಬರುತ್ತದೆ? ರೆಪ್ಪೆಯ ಅಂಚಿನಿಂದ. ಕಣ್ಣಿನ ಕೂದಲಿನ ಹಿಂದೆ, ಒಳ ಅಂಚಿನಲ್ಲಿ, ಸಾಲಾಗಿ ಸಣ್ಣ ಸಣ್ಣ ಬಾಯಿಗಳಿವೆ. ಮೇಲಿನ ರೆಪ್ಪೆಯಲ್ಲಿ 25ರಿಂದ 40. ಕೆಳಗಿನದರಲ್ಲಿ 20ರಿಂದ 30. ಪ್ರತಿ ಬಾಯಿಯ ಹಿಂದೆ ಒಂದು ಎಣ್ಣೆಯ ಗ್ರಂಥಿ. ಈ ಒಳ ಅಂಚನ್ನು ನೆನಪಿಟ್ಟುಕೊಳ್ಳಿ. ಕಾಡಿಗೆಯ ಮಾತು ಬಂದಾಗ ಮತ್ತೆ ಇಲ್ಲಿಗೇ ಬರಬೇಕು.

ಹಾಗಾದರೆ ಒಣ ಕಣ್ಣು ನೀರು ಸುರಿಸುವುದು ಯಾಕೆ? ಪದರ ಹರಿದಾಗ ಕಣ್ಣು ಉರಿಯುತ್ತದೆ. ಉರಿ ತಾಳದೆ ಕಣ್ಣು ಒಮ್ಮೆಲೇ ಬರೀ ನೀರನ್ನು ಬಿಡುತ್ತದೆ. ಅದರಲ್ಲಿ ಎಣ್ಣೆ, ಲೋಳೆ ಸಾಲದು. ಅದು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಹರಿಯುತ್ತದೆ. ಒಣಗಿದ ಹೊಲಕ್ಕೆ ಜೋರು ಮಳೆ ಬಂದರೆ ನೀರು ಇಂಗದೆ ಹಳ್ಳ ಸೇರುತ್ತದಲ್ಲ, ಅದೇ ಲೆಕ್ಕ. ಅಕ್ಕ ಹೇಳಿದ ಮಳೆ, ಬರಗಾಲ ಎರಡೂ ನಿಜವೇ ಆಗಿತ್ತು.

ಈ ತೊಂದರೆ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೂ ಬರುತ್ತದೆ. ನೆಗಡಿಗೆ, ತುರಿಕೆಗೆ ತಿನ್ನುವ ಕೆಲವು ಗುಳಿಗೆಗಳಿಂದಲೂ ಕಣ್ಣು ಒಣಗುವುದುಂಟು. ಕೆಲವರಿಗೆ ಕಣ್ಣಿನ ಜೊತೆ ಬಾಯಿಯೂ ಒಣಗುತ್ತದೆ. ನೀರು ಕುಡಿಯದೆ ರೊಟ್ಟಿ ಇಳಿಯುವುದಿಲ್ಲ, ಕೀಲುಗಳು ನೋಯುತ್ತವೆ. ಅಂಥವರು ಕಣ್ಣಿನ ಡಾಕ್ಟರಿಗೆ ಈ ಮಾತನ್ನೂ ಹೇಳಬೇಕು. ‘ಕಣ್ಣಿಗೂ ಕೀಲಿಗೂ ಏನು ಸಂಬಂಧ’ ಎಂದು ಸುಮ್ಮನಿರಬೇಡಿ. ಸಂಬಂಧ ಇರಬಹುದು.

ಇನ್ನೊಂದು ಮಾತು. ನಡುಮನೆ ಅಕ್ಕನಿಗೆ 48 ವರ್ಷ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಎಲ್ಲರಿಗೂ ಇದ್ದದ್ದೇ. ಅದಕ್ಕೇ ನಮ್ಮ ಹಿರಿಯರು ಆ ಕನ್ನಡಕಕ್ಕೆ ಚಾಳೀಸು ಎಂದು ಕರೆದರು. ಅಕ್ಕನಿಗೆ ಚಾಳೀಸೂ ಬೇಕಾಗಿತ್ತು. ಕಣ್ಣು ಕಿರಿದು ಮಾಡಿ, ಎವೆ ಬಡಿಯದೆ ಅಕ್ಷರ ನೋಡುತ್ತಿದ್ದರು. ಒಣ ಕಣ್ಣು ಇನ್ನೂ ಒಣಗುತ್ತಿತ್ತು. ತಪ್ಪು ಅಕ್ಷರದ್ದಲ್ಲ.

ಮೆಣಸಿನಕಾಯಿ, ಹೊಗೆ, ಸೂಜಿ

ಡಾಕ್ಟರು ಅಕ್ಕನಿಗೆ ಮೊದಲು ಕೇಳಿದ್ದು, “ಏನು ಕೆಲಸ ಮಾಡ್ತೀರಿ?” ಎಂದು.

ನಮ್ಮ ಕಡೆ ಬೇಸಿಗೆ ಬಂತೆಂದರೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಬ್ಯಾಡಗಿ ಮೆಣಸಿನಕಾಯಿಗೆ ದೊಡ್ಡ ಹೆಸರು. 2011ರಲ್ಲಿ ಭೌಗೋಳಿಕ ಗುರುತು ಎಂಬ ಸರ್ಕಾರಿ ಮಾನ್ಯತೆಯೂ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಕೆಂಪು ಬಣ್ಣದ ಎಣ್ಣೆ ಪೇಟೆಯ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಪಟ್ಟಣದವರ ತುಟಿಗೆ ರಂಗು, ತೊಟ್ಟು ಬಿಡಿಸುವವರ ಕಣ್ಣಿಗೆ ಉರಿ! ಕಡಿಮೆ ಖಾರವೂ ಕಣ್ಣಿಗೆ ಖಾರವೇ.

ಈ ಕೆಲಸ ಬಿಡಿ ಎಂದು ನಾವು ಹೇಳುವುದಿಲ್ಲ. ಬಿಟ್ಟರೆ ಕೂಲಿ ಯಾರು ಕೊಡಬೇಕು? ಕೂರುವ ರೀತಿ ಬದಲಿಸಬಹುದು. ಗಾಳಿ ನಿಮ್ಮ ಬೆನ್ನಿಗೆ ಬೀಸುವ ಹಾಗೆ ಕೂರಿ. ಆಗ ಘಾಟು, ಧೂಳು ಮುಖದಿಂದ ದೂರ ಹೋಗುತ್ತದೆ. ಮೂಗು, ಬಾಯಿಗೆ ಬಟ್ಟೆ ಕಟ್ಟುತ್ತೀರಿ. ಕಣ್ಣಿಗೆ ಬರೀ ಗಾಜಿನ ಕನ್ನಡಕ ಹಾಕಿದರೂ ಉಪಯೋಗವಿದೆ. ನೋಡಿದವರು ನಗಬಹುದು. ನಮ್ಮ ಕೇಂದ್ರದಲ್ಲೂ ಮೊದಲು ನಕ್ಕರು. ಈಗ ಐದು ಮಂದಿ ಹಾಕುತ್ತಾರೆ.

ಸೆರಗಿನ ವಿಚಾರ ಎಲ್ಲಕ್ಕಿಂತ ಮುಖ್ಯ. ಖಾರದ ಕೈಯನ್ನು ಸೆರಗಿಗೆ ಒರೆಸುತ್ತೇವೆ. ಕಣ್ಣು ಉರಿದಾಗ ಅದೇ ಸೆರಗಿನಿಂದ ಕಣ್ಣು ಒರೆಸುತ್ತೇವೆ. ಅಂದರೆ ಕಣ್ಣಿಗೆ ನಾವೇ ಖಾರ ಹಚ್ಚಿಕೊಂಡ ಹಾಗಾಯಿತು. ಕಣ್ಣಿಗೆಂದೇ ಒಂದು ಒಗೆದ ಬಟ್ಟೆ ತುಂಡು ಬೇರೆ ಇಟ್ಟುಕೊಳ್ಳಿ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು.

ಮೆಣಸಿನಕಾಯಿ ಖಾರ ಬರೀ ನೀರಿಗೆ ಬಿಡುವುದಿಲ್ಲ. ಎಣ್ಣೆಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಕೈಗೆ ಅಡುಗೆ ಎಣ್ಣೆ ಹಚ್ಚಿ ತಿಕ್ಕಿ. ಆಮೇಲೆ ಸಾಬೂನು ಹಚ್ಚಿ ತೊಳೆಯಿರಿ. ಎಣ್ಣೆ ಹಚ್ಚುವುದು ಕೈಗೆ ಮಾತ್ರ. ಕಣ್ಣಿಗೆ ಖಾರ ಬಿದ್ದರೆ ಎಣ್ಣೆ, ತುಪ್ಪ ಬಿಡಬೇಡಿ. ಉಜ್ಜಬೇಡಿ. ಚೊಕ್ಕ ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ. ಹದಿನೈದು ನಿಮಿಷ ಎಂದರೆ ಬಹಳ ಹೊತ್ತು. ಎರಡು ಚೊಂಬು ಸುರಿದು ಬಿಟ್ಟರೆ ಸಾಲದು.

ಇನ್ನು ಒಲೆಯ ಹೊಗೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಸಿಲಿಂಡರ್ ಬಂತು. ಆದರೂ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆಯೇ. ಸಿಲಿಂಡರ್ ಖಾಲಿಯಾದರೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಹಾಗಾದರೆ ಒಣಗಿದ ಕಟ್ಟಿಗೆ ಉರಿಸಿ. ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಬಾಗಿಲು, ಬೆಳಕಿಂಡಿ ತೆರೆದಿಡಿ. ಹೊಗೆ ಹೊರಗೆ ಹೋಗುವ ಕೊಳವೆ ಇರುವ ಅಸ್ತ್ರ ಒಲೆ ನೋಡಿದ್ದೀರಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಯ ಹೆಂಗಸರಿಗಾಗಿಯೇ ಮಾಡಿದ ಒಲೆ ಅದು. ಕೊಳವೆಯೊಳಗಿನ ಮಸಿ ಆಗಾಗ ತೆಗೆಯಬೇಕು. ಮಸಿ ಕಟ್ಟಿದರೆ ಹೊಗೆ ಮತ್ತೆ ಅಡುಗೆಮನೆಗೇ ಬರುತ್ತದೆ.

ನಮ್ಮ ಕೇಂದ್ರಕ್ಕೆ ಹೊಲಿಗೆ ಅಕ್ಕ ಎಂಬವರೂ ಬರುತ್ತಾರೆ. ಹಗಲೆಲ್ಲ ರವಿಕೆ ಹೊಲಿಯುತ್ತಾರೆ. ರಾತ್ರಿ ಮೊಬೈಲಿನಲ್ಲಿ ಹೊಸ ಡಿಸೈನು ನೋಡುತ್ತಾರೆ. ಅವರಿಗೆ ಹೊಗೆ ಇಲ್ಲ, ಖಾರ ಇಲ್ಲ. ಆದರೂ ಸಂಜೆಯಾದರೆ ಕಣ್ಣು ಉರಿ. ಯಾಕೆ? ಸುಮ್ಮನೆ ಕುಳಿತಾಗ ನಾವು ಒಂದು ನಿಮಿಷಕ್ಕೆ ಸುಮಾರು 15 ಸಲ ಎವೆ ಬಡಿಯುತ್ತೇವೆ. ಸೂಜಿಗೆ ದಾರ ಪೋಣಿಸುವಾಗ, ಮೊಬೈಲ್ ನೋಡುವಾಗ, ಪುಸ್ತಕ ಓದುವಾಗ ಎವೆ ಬಡಿಯುವುದನ್ನೇ ಮರೆಯುತ್ತೇವೆ. ನಾವು ಪರೀಕ್ಷೆ ಮಾಡಿ ನೋಡಿದೆವು. ಹೊಲಿಗೆ ಅಕ್ಕ ಮೊಬೈಲ್ ನೋಡುವಾಗ ಅವರಿಗೆ ಹೇಳದೆ ಎಣಿಸಿದೆವು. ಒಂದು ನಿಮಿಷಕ್ಕೆ ಐದೇ ಸಲ!

ಇದಕ್ಕೆ ದುಡ್ಡು ಬೇಡದ ಉಪಾಯವಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ನಿಲ್ಲಿಸಿ. ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ. ಮೂರೂ ಇಪ್ಪತ್ತೇ. ಮರೆಯುವುದಿಲ್ಲ. ಹೊಲಿಗೆ ಅಕ್ಕ ಎದುರುಮನೆಯ ಬೇವಿನ ಮರ ನೋಡುತ್ತಾರೆ. ನೋಡುತ್ತಾ ನಿಧಾನವಾಗಿ ಕಣ್ಣು ಪೂರ್ತಿ ಮುಚ್ಚಿ. ಒಂದು, ಎರಡು ಎಣಿಸಿ. ತೆರೆಯಿರಿ. ಹೀಗೆ ಹತ್ತು ಸಲ. ಅರ್ಧ ಮುಚ್ಚಿದರೆ ಕೆಳಭಾಗ ಒಣಗಿಯೇ ಇರುತ್ತದೆ. ಮೊಬೈಲ್, ಪುಸ್ತಕ ಕಣ್ಣಿಗಿಂತ ಕೆಳಗೆ ಹಿಡಿಯಿರಿ. ಕೆಳಗೆ ನೋಡುವಾಗ ರೆಪ್ಪೆ ಇಳಿದಿರುತ್ತದೆ. ಕಣ್ಣಿಗೆ ಗಾಳಿ ತಾಗುವುದು ಕಡಿಮೆ. ಫ್ಯಾನು ನೇರ ಮುಖಕ್ಕೆ ಬೇಡ, ಕಾಲಿನ ಕಡೆಗೆ ತಿರುಗಿಸಿ.

ಬಿಸಿ ಬಟ್ಟೆಯ ಕಾವು

ಎಣ್ಣೆ ಗಟ್ಟಿಯಾಗಿ ಆ ಸಣ್ಣ ಬಾಯಿಗಳು ಕಟ್ಟಿಕೊಳ್ಳುತ್ತವೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದರೆ ಏನು ಮಾಡುತ್ತೀರಿ? ಬಿಸಿನೀರಿನಲ್ಲಿ ಬಾಟಲಿ ಇಡುತ್ತೀರಿ. ಕಣ್ಣಿಗೂ ಅದೇ ಉಪಾಯ.

ಕೈ ತೊಳೆದುಕೊಳ್ಳಿ. ಒಗೆದ ಮೆತ್ತನೆಯ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿ. ಮೊದಲು ಮಣಿಕಟ್ಟಿನ ಒಳಗಡೆ ಇಟ್ಟು ನೋಡಿ. ಸುಡಬಾರದು, ಹಿತವಾಗಿರಬೇಕು. ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಇಡಿ. ಬಟ್ಟೆ ಬೇಗ ಆರುತ್ತದೆ. ಮತ್ತೆ ಅದ್ದಿ, ಮತ್ತೆ ಇಡಿ. ಐದರಿಂದ ಹತ್ತು ನಿಮಿಷ. ಆಮೇಲೆ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನ ರೆಪ್ಪೆಯನ್ನು ಕೆಳಗಿಂದ ಮೇಲಕ್ಕೆ ಮೆಲ್ಲಗೆ ಸವರಿ. ರೊಟ್ಟಿ ತಟ್ಟುವ ಬಲ ಬೇಡ! ಕೊನೆಗೆ ಕೂದಲಿನ ಬುಡದ ಜಿಡ್ಡು, ಹೊಟ್ಟು ಒರೆಸಿ ತೆಗೆಯಿರಿ. ಮೊದಮೊದಲು ದಿನಕ್ಕೆ ಎರಡು ಸಲ ಮಾಡಬೇಕು. ಒಂದೇ ದಿನಕ್ಕೆ ಗುಣ ಕಾಣುವುದಿಲ್ಲ. ನಡುಮನೆ ಅಕ್ಕನಿಗೆ ಮೂರನೆಯ ವಾರ ಹಗುರವಾಯಿತು. ಒಬ್ಬರು ಬಳಸಿದ ಬಟ್ಟೆ ಇನ್ನೊಬ್ಬರಿಗೆ ಬೇಡ.

ಕಾಡಿಗೆ ಡಬ್ಬಿ

ಈಗ ಎಲ್ಲರೂ ಕಾಯುತ್ತಿದ್ದ ಮಾತು. ಕಾಡಿಗೆ ಹಚ್ಚಬೇಕೋ ಬೇಡವೋ?

ಕೇಂದ್ರದಲ್ಲಿ ಈ ಮಾತು ಎತ್ತಿದ ದಿನ ಜಗಳವೇ ಆಯಿತು. “ನಮ್ಮವ್ವ ಹಚ್ಚಿದ್ಲು, ನಮ್ಮಜ್ಜಿ ಹಚ್ಚಿದ್ಲು, ಅವರ ಕಣ್ಣು ಹೋದವೇನು?” ಎಂದರು ಒಬ್ಬರು. “ಕಾಡಿಗಿ ಹಚ್ಚಿದ್ರ ನೀರು ಬಂದು ಕಣ್ಣು ತೊಳದಂಗ ಆಕ್ಕತಿ” ಎಂದರು ಇನ್ನೊಬ್ಬರು. ನಾವೂ ಮದುವೆ ಮನೆಗೆ ಹೋಗುವಾಗ ಕಾಡಿಗೆ ಹಚ್ಚುವವರೇ. ಚೆಂದ ಕಾಣಬೇಕು ಎಂಬುದು ತಪ್ಪಲ್ಲ.

ಆದರೆ ಕಾಡಿಗೆ ಹಚ್ಚಿದಾಗ ಬರುವ ನೀರು ಕಣ್ಣನ್ನು ತೊಳೆಯುವುದಕ್ಕೆ ಬಂದದ್ದಲ್ಲ. ಉರಿಗೆ ಬಂದದ್ದು. ಎಲ್ಲಿ ಹಚ್ಚುತ್ತೇವೆ ನೋಡಿ. ಕಣ್ಣಿನ ಒಳ ಅಂಚಿಗೆ. ಎಣ್ಣೆಯ ಸಣ್ಣ ಬಾಯಿಗಳು ಇರುವುದು ಅಲ್ಲೇ. ಅವುಗಳ ಮೇಲೆ ನಾವು ಕಪ್ಪು ಮೆತ್ತುತ್ತೇವೆ. ಅದು ಕರಗಿ ಕಣ್ಣೀರಿಗೂ ಸೇರುತ್ತದೆ. ಹಚ್ಚಲೇಬೇಕೆಂದರೆ ಕೂದಲಿನ ಹೊರಗಡೆ, ಚರ್ಮದ ಮೇಲೆ ತೆಳುವಾಗಿ ಗೆರೆ ಎಳೆಯಿರಿ. ಒಳ ಅಂಚು ಬಿಟ್ಟುಬಿಡಿ. ಕಣ್ಣು ಉರಿ ಇರುವ ದಿನ ಪೂರಾ ಬಿಡಿ.

ಮನೆಯ ಕಾಡಿಗೆ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ, ಮಸಿ ಹಿಡಿದು, ಎಣ್ಣೆಯಲ್ಲೋ ತುಪ್ಪದಲ್ಲೋ ಕಲಸುತ್ತೇವೆ. ಅದರಲ್ಲಿ ಪೇಟೆಯ ಬಣ್ಣ ಇಲ್ಲ, ನಿಜ. ಆದರೆ ಮಸಿ ಎಂದರೆ ಹೊಗೆಯ ಪುಡಿಯೇ. ಒಲೆಯ ಹೊಗೆ ಕಣ್ಣಿಗೆ ಬೇಡ ಎಂದಮೇಲೆ ದೀಪದ ಹೊಗೆ ಹೇಗೆ ಒಳ್ಳೆಯದಾಗುತ್ತದೆ? ಅದೂ ಹೊರಗಡೆಗೇ ಸರಿ. ಡಬ್ಬಿಗೆ ಉಗುರು ಹಾಕಿ ತೆಗೆಯುವುದೂ ಬೇಡ.

ಜಾತ್ರೆಯಲ್ಲಿ, ಸಂತೆಯಲ್ಲಿ ಬಿಡಿಯಾಗಿ ಮಾರುವ ಸುರ್ಮಾ, ಹೆಸರಿಲ್ಲದ ಡಬ್ಬಿ ಕಾಡಿಗೆ ಕೊಳ್ಳಲೇಬೇಡಿ. ಹೊಳೆಯುವ ಕಪ್ಪು ಕಲ್ಲನ್ನು ಅರೆದು ಮಾಡುವ ಸುರ್ಮಾದಲ್ಲಿ ಸೀಸ ಇರುತ್ತದೆ. ಸೀಸ ವಿಷ. ಹಚ್ಚಿದ ಸುರ್ಮಾ ಕಣ್ಣೀರಿನ ಜೊತೆ ಮೂಗು, ಗಂಟಲಿಗೆ ಇಳಿಯುತ್ತದೆ. ಕಣ್ಣು ಉಜ್ಜಿದ ಕೈ ಬಾಯಿಗೂ ಹೋಗುತ್ತದೆ. ಹೀಗೆ ಸೀಸ ಹೊಟ್ಟೆ ಸೇರಿ ರಕ್ತಕ್ಕೆ ಹೋಗುತ್ತದೆ. ಮಕ್ಕಳಿಗೆ ರಕ್ತ ಕಡಿಮೆಯಾಗುತ್ತದೆ, ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಸೌಂದರ್ಯದ ವಸ್ತುಗಳಿಗೆ ಸೀಸದ ಬಣ್ಣ ಹಾಕಬಾರದು ಎಂದು ನಮ್ಮ ದೇಶದ ಕಾನೂನೇ ಹೇಳುತ್ತದೆ. ಕಣ್ಣಲ್ಲಿ ನೋಡಿದರೆ ಸೀಸ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆದ್ದರಿಂದ ಮಾಡಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು ಇಲ್ಲದ ಡಬ್ಬಿ ಬೇಡ.

ಹಸುಗೂಸಿನ ಕಣ್ಣಿಗೆ ಕಾಡಿಗೆ ಹಚ್ಚುವ ರೂಢಿ ನಮ್ಮಲ್ಲಿ ಬಲವಾಗಿದೆ. ಕಣ್ಣು ದೊಡ್ಡದಾಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ದೃಷ್ಟಿ ತಾಗಬಾರದು ಎನ್ನುತ್ತಾರೆ. ತಾಯಿಯ ಜೀವ, ಆ ಮಾತನ್ನು ನಾವು ತೆಗೆದುಹಾಕುವುದಿಲ್ಲ. ಪೇಟೆಯದ್ದು ಬೇಡ, ಮನೆಯ ಕಾಡಿಗೆಯನ್ನೇ ಅಂಗಾಲಿಗೆ ಒಂದು ಬೊಟ್ಟು ಇಡಿ. ಮಗುವಿನ ಕಣ್ಣಿಗೆ ಬೇಡ, ಕೈ ಬಾಯಿಗೆ ಸಿಗುವ ಕಡೆಯೂ ಬೇಡ. ಮಗುವಿನ ಕಣ್ಣಿಗೆ ನಿಜವಾಗಿ ಬೇಕಾದದ್ದು ಎ ಅನ್ನಾಂಗ. ಅದು ಕಡಿಮೆಯಾದರೆ ಇರುಳುಗುರುಡು ಬರುತ್ತದೆ, ಕಣ್ಣು ಒಣಗಿ ದೃಷ್ಟಿಯೇ ಹೋಗಬಹುದು. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ಎ ಅನ್ನಾಂಗದ ಮೊದಲ ಡೋಸು ಕುಡಿಸುತ್ತಾರೆ. ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ತಪ್ಪಿಸಬೇಡಿ. ನುಗ್ಗೆ ಸೊಪ್ಪು, ಪಪ್ಪಾಯಿ, ಗಜ್ಜರಿ, ಮಾವಿನಹಣ್ಣು, ಮೊಟ್ಟೆ ತಿನ್ನಿಸಿ.

ಪೇಟೆಯ ಕಾಡಿಗೆ ಕೊಳ್ಳುವಾಗ ಏನು ನೋಡಬೇಕು? ಡಬ್ಬಿಯ ಮೇಲೆ ಬರೆದದ್ದು ಬಹುಪಾಲು ಇಂಗ್ಲಿಷಿನಲ್ಲಿ ಇರುತ್ತದೆ. ಇದು ನಮಗೆ ಸರಿ ಕಾಣುವುದಿಲ್ಲ. ಆದರೂ ಅಂಕಿಗಳು ನಮಗೆ ಬರುತ್ತವೆ. ಎರಡು ತಾರೀಖು ಇರುತ್ತದೆ. ಒಂದು ಮಾಡಿದ ದಿನ, ಇನ್ನೊಂದು ಮುಗಿಯುವ ದಿನ. ತಿಂಗಳು, ವರ್ಷ ಓದಿ. ಮುಗಿದಿದ್ದರೆ ಅಂಗಡಿಯವರಿಗೆ ವಾಪಸು ಕೊಡಿ. ‘ಹರ್ಬಲ್’, ‘ಆಯುರ್ವೇದಿಕ್’, ‘ಕಣ್ಣಿಗೆ ತಂಪು’ ಎಂದು ಬರೆದ ಮಾತ್ರಕ್ಕೆ ಒಳ್ಳೆಯದೆಂದು ನಂಬಬೇಡಿ. ತಂಪು ಎಂದು ಅನಿಸುವಂತೆ ಕರ್ಪೂರ ಹಾಕಿರುತ್ತಾರೆ. ಒಣ ಕಣ್ಣಿಗೆ ಅದೂ ಚುರುಚುರು. ವಾಸನೆ ಇಲ್ಲದ್ದು, ಮಿನುಗು ಇಲ್ಲದ್ದು ವಾಸಿ. ಮಿನುಗಿನ ಪುಡಿ ಉದುರಿ ಕಣ್ಣಿಗೆ ಬೀಳುತ್ತದೆ. ನೀರಿಗೆ ಹೋಗದ ಕಾಡಿಗೆ ಎಂದು ಮಾರುತ್ತಾರೆ. ಅದನ್ನು ತೆಗೆಯಲು ಕಣ್ಣು ತಿಕ್ಕಿ ತಿಕ್ಕಿ ಸಾಕಾಗುತ್ತದೆ. ಸುಲಭವಾಗಿ ತೆಗೆಯಲು ಬರುವುದೇ ಒಳ್ಳೆಯದು.

ಕೂದಲಿಗೆ ಹಚ್ಚುವ ಕಪ್ಪು ಬಣ್ಣವನ್ನು ಹುಬ್ಬಿಗೆ, ಕಣ್ಣಿನ ಕೂದಲಿಗೆ ಹಚ್ಚಲೇಬಾರದು. ಕಣ್ಣು ಹೋಗಬಹುದು ಎಂದು ಆ ಪೊಟ್ಟಣದ ಮೇಲೆಯೇ ಎಚ್ಚರಿಕೆ ಬರೆದಿರುತ್ತದೆ. ಸಣ್ಣ ಅಕ್ಷರ, ಯಾರೂ ಓದುವುದಿಲ್ಲ.

ಮದುವೆ ಮನೆಯಲ್ಲಿ ಒಂದೇ ಕಾಡಿಗೆ ಕಡ್ಡಿ ಹತ್ತು ಮಂದಿಯ ಕೈ ಸುತ್ತುತ್ತದೆ. ಒಬ್ಬರ ಕಣ್ಣುಬೇನೆ ಹತ್ತು ಮಂದಿಗೆ ಬರುತ್ತದೆ. ಕಾಡಿಗೆ ನಿಮ್ಮದು ನಿಮಗೆ, ಮಗಳದು ಮಗಳಿಗೆ. ಪೌಡರು ಹಚ್ಚುವಾಗ ಕಣ್ಣು ಮುಚ್ಚಿಕೊಳ್ಳಿ. ಎಷ್ಟೇ ತಡವಾದರೂ ಮಲಗುವ ಮುಂಚೆ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಕಣ್ಣಿಗೆ ಬಿಡುವ ಹನಿ

ಜೇನು, ಈರುಳ್ಳಿ ರಸ, ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ, ಗುಲಾಬಿ ನೀರು. ಇಷ್ಟನ್ನೂ ಕಣ್ಣಿಗೆ ಬಿಟ್ಟವರು ನಮ್ಮ ಕೇಂದ್ರದಲ್ಲೇ ಇದ್ದಾರೆ. ಕಣ್ಣಿನೊಳಗೆ ಇವು ಯಾವುವೂ ಬೇಡ. ಇವುಗಳ ಜೊತೆ ಕ್ರಿಮಿ ಹೋಗುತ್ತದೆ. ತಂಪು ಬೇಕೆಂದರೆ ಮುಚ್ಚಿದ ಕಣ್ಣಿನ ಮೇಲೆ ತಣ್ಣೀರು ಬಟ್ಟೆ ಇಡಿ. ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯಿಂದ ತೆಗೆಸುವುದೂ ಬೇಡ.

ಒಣ ಕಣ್ಣಿಗೆ ಕಣ್ಣೀರಿನಂತೆಯೇ ಇರುವ ಹನಿ ಔಷಧ ಸಿಗುತ್ತದೆ. ಕೈ ತೊಳೆದು, ಕೆಳರೆಪ್ಪೆ ಎಳೆದು, ಮೇಲೆ ನೋಡುತ್ತಾ ಒಂದೇ ಹನಿ ಬಿಡಿ. ಎರಡನೆಯದು ಕೆನ್ನೆಗೇ ಹೋಗುತ್ತದೆ. ಬಾಟಲಿಯ ಮೂತಿ ಕಣ್ಣಿಗೆ ತಾಗಬಾರದು. ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕೆನಿಸಿದರೆ ಡಾಕ್ಟರಿಗೆ ಹೇಳಿ. ಔಷಧ ಕೆಡದಂತೆ ಬಾಟಲಿಗೆ ಇನ್ನೊಂದು ವಸ್ತು ಸೇರಿಸಿರುತ್ತಾರೆ. ಬಹಳ ಸಲ ಬಿಟ್ಟರೆ ಅದೇ ಕಣ್ಣಿಗೆ ತೊಂದರೆ ಕೊಡಬಹುದು. ಅದಿಲ್ಲದ ಔಷಧ ಬೇರೆ ಇದೆ.

ಔಷಧದ ಅಂಗಡಿಗೆ ಹೋಗಿ ‘ಕಣ್ಣು ಕೆಂಪಗಾಗಿದೆ, ಏನಾದರೂ ಕೊಡಿ’ ಎಂದು ಕೇಳುವುದು ಬಹಳ ಅಪಾಯ. ಸ್ಟೀರಾಯ್ಡ್ ಇರುವ ಹನಿ ಕೊಟ್ಟರೆ ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಗುತ್ತದೆ. ‘ಭಾಳ ಚಲೋ ಔಷಧ’ ಎಂದು ನಾವು ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗೊಳಗೇ ಕಣ್ಣಿನ ಒತ್ತಡ ಏರಿ ನರ ಹಾಳಾಗಬಹುದು. ಪೊರೆಯೂ ಬರಬಹುದು. ಹಾಳಾದ ನರ ಮತ್ತೆ ಸರಿಯಾಗುವುದಿಲ್ಲ. ಡಾಕ್ಟರು ಬರೆದ ಚೀಟಿ ಇಲ್ಲದೆ ಇಂಥ ಹನಿ ಬಿಡಬೇಡಿ.

ಈ ಪಾಠದಲ್ಲಿ ಹೇಳಿದ ಕಾವು, ಹನಿ ನಂಬಿ ಮನೆಯಲ್ಲೇ ಕೂರಬಾರದ ಸಂದರ್ಭಗಳೂ ಇವೆ. ಬತ್ತದ ಹೊಟ್ಟು, ಜೋಳದ ರವದಿ ಕಣ್ಣಿಗೆ ಬಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹುಣ್ಣಾಗಿ ಬಿಳಿ ಕಲೆ ಉಳಿದರೆ ದೃಷ್ಟಿ ಹೋದಂತೆಯೇ. ಜೋರು ನೋವು, ಕೀವು, ಬೆಳಕು ನೋಡಲಾಗದಿರುವುದು, ದೃಷ್ಟಿ ಒಮ್ಮೆಲೇ ಮಂಜಾಗುವುದು, ಇವಕ್ಕೂ ಹಾಗೇ. ‘ಸುಗ್ಗಿ ಮುಗೀಲಿ’ ಎಂದು ಕಾಯಬೇಡಿ.

ನಡುಮನೆ ಅಕ್ಕನಿಗೆ ಡಾಕ್ಟರು ಹನಿ ಬರೆದುಕೊಟ್ಟರು. ಮುಚ್ಚಳ ತೆಗೆದ ಮೇಲೆ ಒಂದು ತಿಂಗಳು ಮಾತ್ರ ಬಳಸಬೇಕು, ಉಳಿದರೂ ಎಸೆಯಬೇಕು ಎಂದರು. “ಯಾವತ್ತು ತೆಗೆದೆ ಅಂತ ನೆನಪು ಹೆಂಗಿಡೂದು?” ಎಂದು ಅಕ್ಕ ಕೇಳಿದರು. ಆಮೇಲೆ ತಾವೇ ಚೀಲದಿಂದ ಪೆನ್ನು ತೆಗೆದರು. ಬಾಟಲಿಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ‘ತೆಗೆದ ದಿನ 21-3-2024’. ‘ತೆ’ಯ ಏತ್ವ ಸ್ವಲ್ಪ ಸೊಟ್ಟಗಾಯಿತು. ಅವರ ಅತ್ತೆಯ ಮಂಡಿನೋವಿನ ಎಣ್ಣೆ ಬಾಟಲಿಯ ಮೇಲೂ ಈಗ ತಾರೀಖು ಇದೆ.

ಏಪ್ರಿಲ್ ಎರಡನೆಯ ವಾರ ಅಕ್ಕ ಕೇಂದ್ರಕ್ಕೆ ಬಂದರು. ಚಾಳೀಸು ಹಾಕಿಕೊಂಡು ದೀಪದ ಕೆಳಗೆ ಕುಳಿತರು. ಪ್ರತಿ ಪುಟ ತಿರುವಿದಾಗ ಕಣ್ಣು ಮುಚ್ಚಿ, ಎರಡು ಎಣಿಸಿ, ತೆರೆಯುತ್ತಾರೆ. ಅವರನ್ನು ನೋಡಿ ಉಳಿದವರೂ ಹಾಗೇ ಮಾಡುತ್ತಾರೆ. ಈಗ ನಮ್ಮ ಕೇಂದ್ರದಲ್ಲಿ ಪುಟ ತಿರುವುವ ಸದ್ದು ಕೇಳಿದರೆ ಹದಿನಾಲ್ಕು ಮಂದಿಯೂ ಕಣ್ಣು ಮುಚ್ಚಿರುತ್ತಾರೆ!

ಮಾಡಿ ನೋಡಿ, ಬರೆಯಿರಿ

1. ನಿಮ್ಮ ಪಕ್ಕದವರು ಈ ಪಾಠ ಓದುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಎವೆ ಬಡಿಯುತ್ತಾರೆ? ಅವರಿಗೆ ಹೇಳದೆ ಎಣಿಸಿ. ಅಂಕಿ ಬರೆಯಿರಿ.

2. ನಿಮ್ಮ ಮನೆಯ ಕಾಡಿಗೆ ಡಬ್ಬಿ ತನ್ನಿ. ಅದರ ಮೇಲೆ ಮುಗಿಯುವ ದಿನ ಯಾವುದು? ಇಂದಿನ ತಾರೀಖಿನ ಜೊತೆ ಹೋಲಿಸಿ.

3. ನಿಮ್ಮ ಕೆಲಸದಲ್ಲಿ ಕಣ್ಣಿಗೆ ಏನು ತಾಗುತ್ತದೆ? ಖಾರವೇ, ಹೊಗೆಯೇ, ಧೂಳೇ? ಎರಡು ವಾಕ್ಯ ಬರೆಯಿರಿ.

4. ಈ ಪದಗಳನ್ನು ಗಟ್ಟಿಯಾಗಿ ಓದಿ: ಕಣ್ಣು, ರೆಪ್ಪೆ, ಎಣ್ಣೆ, ಬಟ್ಟೆ, ಡಬ್ಬಿ, ಸುಗ್ಗಿ. ಪ್ರತಿ ಪದದ ಒತ್ತಕ್ಷರದ ಕೆಳಗೆ ಗೆರೆ ಎಳೆಯಿರಿ.